ಕರಾಚಿ–ಮುಂಬಯಿ: ಅಂದು ಏಳು ಗಂಟೆ, ಆಮೇಲೆ?

1932ರ ಅಕ್ಟೋಬರ್ 15. ಬೆಳಗಿನ ಆರೂವರೆಯ ಸುಮಾರಿಗೆ ಕರಾಚಿಯ ಡ್ರಿಗ್ ರೋಡ್ ವಿಮಾನ ನಿಲ್ದಾಣದಿಂದ 'ಪುಸ್ ಮಾತ್' ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನವೊಂದು ಮೇಲೇರಿತು. ಅದನ್ನು ನಡೆಸುತ್ತಿದ್ದವರು 28 ವರ್ಷದ ಜೆ.ಆರ್.ಡಿ. ಟಾಟಾ. ಜತೆಗೆ ಪ್ರಯಾಣಿಕರಿರಲಿಲ್ಲ, ಅಂಚೆಯಿತ್ತು. ಲಂಡನ್ನಿನ ಕಾಗದಗಳನ್ನು ಇಂಪೀರಿಯಲ್ ಏರ್‌ವೇಸ್ 1929ರಿಂದಲೇ ಕರಾಚಿಗೆ ವಿಮಾನದಲ್ಲಿ ತಂದು ಮುಟ್ಟಿಸುತ್ತಿತ್ತು. ಆದರೆ ಮುಂಬಯಿ, ಮದ್ರಾಸಿನ ಕಾಗದಗಳು ಅಲ್ಲಿಂದ ಮುಂದೆ ನೆಲದ ದಾರಿಯನ್ನೇ ಹಿಡಿಯಬೇಕಿತ್ತು.

ಕರಾಚಿಗೂ ಮುಂಬಯಿಗೂ ನೇರ ಅಂತರ ಸುಮಾರು 870 ಕಿಲೋಮೀಟರ್. ಬೆಂಗಳೂರಿನಿಂದ ಮುಂಬಯಿಗೆ ಇರುವುದಕ್ಕಿಂತ ತುಸುವೇ ಹೆಚ್ಚು. ಟಾಟಾ ಅವರು ಅಹಮದಾಬಾದಿನಲ್ಲಿ ಇಳಿದು ಬಂದುದರಿಂದ ಹಾದಿ ಸಾವಿರ ಕಿಲೋಮೀಟರ್ ದಾಟಿತು. ವಿಮಾನದ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ಅದರಲ್ಲಿ ರೇಡಿಯೋ ಕೂಡ ಇರಲಿಲ್ಲ. ಅಹಮದಾಬಾದಿನಲ್ಲಿ ಅದಕ್ಕೆ ಬೇಕಾದ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಿಗಳಲ್ಲಿ! ಮಧ್ಯಾಹ್ನ ಎರಡು ಗಂಟೆಗೆ ಸ್ವಲ್ಪ ಮುಂಚೆ ವಿಮಾನ ಮುಂಬಯಿಯ ಜುಹುವಿನಲ್ಲಿ ಇಳಿಯಿತು. ಅಲ್ಲಿಗೆ ಏಳು ಗಂಟೆ ಮತ್ತು ಕೆಲವು ನಿಮಿಷ.

ಜುಹು ಎಂದರೆ ಆಗ ಕಡಲ ಪಕ್ಕದ ಕೆಸರು ಬಯಲು. ಮಳೆಗಾಲದಲ್ಲಿ ನೀರು ನಿಂತು, ವಿಮಾನಗಳು ಪುಣೆಗೆ ಹೋಗಿ ಇಳಿಯಬೇಕಾಗುತ್ತಿತ್ತು.

ಕಥೆಯ ಮುಂದಿನ ಭಾಗ ಕನ್ನಡಿಗರಿಗೆ ಸೇರಿದ್ದು. ಜುಹುವಿನಿಂದ ಅಂಚೆಯನ್ನು ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಅವರ ಹಾದಿ ಇದ್ದದ್ದು ಬಳ್ಳಾರಿಯ ಮೇಲೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಊರು. ದೇಶದ ಮೊದಲ ವಿಮಾನ ಮಾರ್ಗಗಳಲ್ಲೊಂದರ ನಕ್ಷೆಯಲ್ಲಿ ಕರಾಚಿ, ಅಹಮದಾಬಾದ್, ಮುಂಬಯಿಗಳ ಸಾಲಿನಲ್ಲಿ ಬಳ್ಳಾರಿಯೂ ಇತ್ತೆಂಬುದು ಹೆಚ್ಚು ಜನಕ್ಕೆ ನೆನಪಿಲ್ಲ.

1947ರಲ್ಲಿ ಈ ಮಾರ್ಗದ ನಡುವೆ ಗಡಿ ಎದ್ದಿತು. ಮುಂದೆ ಜೆಟ್ ವಿಮಾನಗಳು ಬಂದು ಏಳು ಗಂಟೆಯ ಹಾದಿ ಒಂದೂವರೆ ಗಂಟೆಗೆ ಇಳಿಯಿತು, ನಿಜ. ಆದರೆ ವಿಮಾನ ಹಾರುವುದೇ ಬೇಡವೇ ಎಂಬುದನ್ನು ಎಂಜಿನ್ ತೀರ್ಮಾನಿಸುವುದಿಲ್ಲವಲ್ಲ! 1971ರ ಆರಂಭದಲ್ಲಿ ಅಪಹೃತ ಭಾರತೀಯ ವಿಮಾನವೊಂದನ್ನು ಲಾಹೋರಿನಲ್ಲಿ ಸುಟ್ಟ ಮೇಲೆ ಭಾರತವು ಪಾಕಿಸ್ತಾನದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಕರಾಚಿಯಿಂದ ಢಾಕಾಕ್ಕೆ ಹೋಗುವವರು ಕೊಲಂಬೊ ಸುತ್ತಬೇಕಾಯಿತು. ದೂರ ಹೆಚ್ಚುಕಡಿಮೆ ದುಪ್ಪಟ್ಟು. ಅದೇ ವರ್ಷದ ಯುದ್ಧದ ನಂತರ ಎರಡು ದೇಶಗಳ ನಡುವೆ ವಿಮಾನ ಸಂಚಾರ ಮತ್ತೆ ಶುರುವಾದದ್ದು 1976ರಲ್ಲಿ.

ಆ ಬಿಡುವಿನ ಕಾಲದಲ್ಲೇ, 1982ರ ಅಕ್ಟೋಬರ್ 15ರಂದು, 78 ವರ್ಷದ ಟಾಟಾ ಮತ್ತೊಮ್ಮೆ ಕರಾಚಿಯಿಂದ ಮುಂಬಯಿಗೆ ಹಾರಿ ಬಂದರು. ಈ ಬಾರಿ 'ಲೆಪರ್ಡ್ ಮಾತ್' ಎಂಬ ಇನ್ನೊಂದು ಹಳೆಯ ವಿಮಾನದಲ್ಲಿ, ಅದೂ ಒಬ್ಬರೇ.

ಕರಾಚಿ–ಮುಂಬಯಿ ನಡುವೆ ಪಾಕಿಸ್ತಾನದ ಸರ್ಕಾರಿ ಸಂಸ್ಥೆ ನಡೆಸುತ್ತಿದ್ದ ನೇರ ವಿಮಾನ 2017ರಲ್ಲಿ ನಿಂತಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಬೆನ್ನಿಗೇ, ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ಆಕಾಶವನ್ನು ಮುಚ್ಚಿದವು. ನೇರ ವಿಮಾನ ಇಲ್ಲವೆಂದಾದ ಮೇಲೆ ಉಳಿಯುವ ಹಾದಿಗಳಲ್ಲಿ ಒಂದು ದುಬೈ. ಕರಾಚಿಯಿಂದ ಪಶ್ಚಿಮಕ್ಕೆ ಸುಮಾರು 1,200 ಕಿಲೋಮೀಟರ್ ಹೋಗಿ, ಅಲ್ಲಿಂದ ಪೂರ್ವಕ್ಕೆ 1,900ಕ್ಕೂ ಹೆಚ್ಚು ಕಿಲೋಮೀಟರ್ ಹಿಂದೆ ಬರಬೇಕು. ಹಾರಾಟಕ್ಕೇ ಐದು ಗಂಟೆ ಬೇಕು. ದುಬೈಯಲ್ಲಿ ಮುಂದಿನ ವಿಮಾನಕ್ಕೆ ಕಾಯುವ ಹೊತ್ತನ್ನೂ ಕೂಡಿಸಿದರೆ, 1932ರ ಏಳು ಗಂಟೆ ಎಷ್ಟೋ ಸಲ ಸಾಲದು.