ಆರ್‌ಎಸ್‌ವಿ: ಅರವತ್ತು ವರ್ಷ ಕಾದ ಲಸಿಕೆ, ಅದರ ಮಾರುಕಟ್ಟೆ

ಇವತ್ತಿನ ವಿಷಯ ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್, ಚಿಕ್ಕದಾಗಿ ಆರ್‌ಎಸ್‌ವಿ. ನಮ್ಮ ವಯಸ್ಸಿನವರಿಗೆ ಬಂದ್ರೆ ಸಾಮಾನ್ಯವಾಗಿ ಬರೀ ನೆಗಡಿ. ಆರು ತಿಂಗಳೊಳಗಿನ ಕೂಸಿಗೋ, ಎಪ್ಪತ್ತೈದು ದಾಟಿದ ಅಜ್ಜನಿಗೋ ಬಂದ್ರೆ ಜೀವಕ್ಕೇ ಅಪಾಯ ಆಗಬಹುದು.

1956ರಲ್ಲಿ ಅಮೆರಿಕದ ಲ್ಯಾಬ್ ಒಂದರಲ್ಲಿ ಚಿಂಪಾಂಜಿಗಳಿಗೆ ನೆಗಡಿ ಆದಾಗ ಈ ವೈರಸ್ ಸಿಕ್ಕಿತು. ಮರುವರ್ಷ ರಾಬರ್ಟ್ ಚಾನಾಕ್ ತಂಡ ಇದನ್ನು ಬಾಲ್ಟಿಮೋರ್‌ನ ಶಿಶುಗಳಲ್ಲೂ ಕಂಡಿತು. ಸಾಲ್ಕ್ ಅವರ ಪೋಲಿಯೊ ಲಸಿಕೆ ಥರಾನೇ ಫಾರ್ಮಲಿನ್ ಹಾಕಿ ವೈರಸ್ ಕೊಂದು ಲಸಿಕೆ ಮಾಡಿ, 1966ರಲ್ಲಿ ಮಕ್ಕಳಿಗೆ ಕೊಟ್ಟು ನೋಡಿದರು. ಆಗಿದ್ದು ಉಲ್ಟಾ. ವಾಷಿಂಗ್ಟನ್‌ನ ಟ್ರಯಲ್‌ನಲ್ಲಿ ಲಸಿಕೆ ಪಡೆದು ಆಮೇಲೆ ಸೋಂಕು ತಗುಲಿದ ಶಿಶುಗಳ ಪೈಕಿ ಶೇ. 80ರಷ್ಟು ಆಸ್ಪತ್ರೆ ಸೇರಿದವು. ಈ ಲಸಿಕೆ ಪಡೆಯದವರಲ್ಲಿ ಅದು ಶೇ. 5 ಮಾತ್ರ. ಎರಡು ಮಕ್ಕಳು ತೀರಿಕೊಂಡವು.

ಆ ಭಯ ದಶಕಗಟ್ಟಲೆ ಉಳಿಯಿತು. 1998ರಲ್ಲಿ ಪಾಲಿವಿಜುಮ್ಯಾಬ್ ಬಂತು. ಇದು ಲಸಿಕೆ ಅಲ್ಲ, ರೆಡಿಮೇಡ್ ಪ್ರತಿಕಾಯ. ಸೀಸನ್ ಪೂರ್ತಿ ತಿಂಗಳಿಗೊಂದು ಇಂಜೆಕ್ಷನ್. ದುಬಾರಿ ಆಗಿದ್ದರಿಂದ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಂಥ ಹೈ ರಿಸ್ಕ್ ಗುಂಪಿಗೆ ಮಾತ್ರ ಸಿಕ್ಕಿತು.

ಹಾಗಾದ್ರೆ ಬಗ್ ಎಲ್ಲಿತ್ತು? ಉತ್ತರ ಸ್ಪಷ್ಟವಾಗಿದ್ದು 2013ರಲ್ಲಿ. ವೈರಸ್ ಮೈಮೇಲಿನ ಎಫ್ ಪ್ರೋಟೀನ್ ಜೀವಕೋಶದೊಳಗೆ ನುಗ್ಗುವಾಗ ಆಕಾರ ಬದಲಿಸುತ್ತೆ. ಹಳೇ ಲಸಿಕೆಯಲ್ಲಿ ಇದ್ದದ್ದು ಬಹುಪಾಲು ನುಗ್ಗಿದ ನಂತರದ ಆಕಾರ. ಅಂದ್ರೆ ದೇಹ ತಪ್ಪು ಇಂಟರ್‌ಫೇಸ್‌ಗೆ ಕೋಡ್ ಬರೆದಂತಾಯ್ತು. ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತು ಜೊತೆಗಾರರು ನುಗ್ಗುವ ಮುಂಚಿನ ಆಕಾರ ಕಂಡುಹಿಡಿದು, ಅದು ಬದಲಾಗದ ಹಾಗೆ ಲಾಕ್ ಮಾಡಿದರು. ಇದೇ ಐಡಿಯಾ ಮುಂದೆ ಫೈಜರ್, ಮಾಡರ್ನಾದ ಕೋವಿಡ್ ಲಸಿಕೆಗಳಿಗೂ ಬಳಕೆ ಆಯ್ತು.

ಆಮೇಲೆ 2023. ಅಮೆರಿಕದಲ್ಲಿ ಮೇ ತಿಂಗಳಲ್ಲಿ 60 ದಾಟಿದವರಿಗೆ ಜಿಎಸ್‌ಕೆ, ಫೈಜರ್ ಲಸಿಕೆಗಳು; ಜುಲೈನಲ್ಲಿ ಶಿಶುಗಳಿಗೆ ಒಂದೇ ಡೋಸ್‌ನ ಪ್ರತಿಕಾಯ ನಿರ್ಸೆವಿಮ್ಯಾಬ್; ಆಗಸ್ಟ್‌ನಲ್ಲಿ ಗರ್ಭಿಣಿಯರಿಗೆ ಫೈಜರ್ ಲಸಿಕೆ. ತಾಯಿಗೆ ಕೊಟ್ಟರೆ ಪ್ರತಿಕಾಯ ಮಗುವಿಗೂ ದಾಟುತ್ತೆ. ಜಿಎಸ್‌ಕೆ ಮೊದಲ ವರ್ಷವೇ ಸುಮಾರು 120 ಕೋಟಿ ಪೌಂಡ್ ವ್ಯಾಪಾರ ಮಾಡಿತು. 2024ರಲ್ಲಿ ಅಮೆರಿಕದ ಸಿಡಿಸಿ ತನ್ನ ಸಲಹೆಯನ್ನು 75 ದಾಟಿದವರಿಗೆ, ಮತ್ತೆ 60ರಿಂದ 74ರ ನಡುವೆ ಬೇರೆ ಕಾಯಿಲೆ ಇರೋರಿಗೆ ಅಂತ ಸೀಮಿತ ಮಾಡಿತು. ಆ ವರ್ಷ ವ್ಯಾಪಾರ ಅರ್ಧಕ್ಕೆ ಇಳಿಯಿತು. ಒಂದು ಸರ್ಕಾರದ ಒಂದು ಶಿಫಾರಸಿಗೆ ಇಷ್ಟು ಅಲ್ಲಾಡೋ ಮಾರುಕಟ್ಟೆ ಇದು.

ಈಗ ಇನ್ನೊಂದು ಲೆಕ್ಕ ನೋಡಿ. 2019ರಲ್ಲಿ ಆರ್‌ಎಸ್‌ವಿಯಿಂದ ಐದು ವರ್ಷದೊಳಗಿನ ಸುಮಾರು 1 ಲಕ್ಷ ಮಕ್ಕಳು ಸತ್ತರು ಅಂತ ಅಂದಾಜು. ಅದರಲ್ಲಿ ಶೇ. 97ಕ್ಕೂ ಹೆಚ್ಚು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಭಾರತವೂ ಈ ಪಟ್ಟಿಯಲ್ಲಿದೆ. ನಿರ್ಸೆವಿಮ್ಯಾಬ್‌ಗೆ 2023ರಲ್ಲಿ ಅಮೆರಿಕದಲ್ಲಿ ಇಟ್ಟಿದ್ದ ಪಟ್ಟಿ ಬೆಲೆ ಡೋಸ್‌ಗೆ 495 ಡಾಲರ್. ಶಿಶುಗಳನ್ನು ಇದರಿಂದ ಕಾಪಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಎಲ್ಲ ದೇಶಗಳಿಗೂ ಹೇಳಿದೆ. ಅರವತ್ತು ವರ್ಷ ತಡೆದದ್ದು ಪ್ರೋಟೀನ್‌ನ ಆಕಾರ. ಅದು ಬಗೆಹರಿದಿದೆ. ಇನ್ನು ಬಗೆಹರಿಯಬೇಕಾದದ್ದು ಬೆಲೆ.