ಹಳೆಯ ಬೆಳ್ಳಿ ನಾಣ್ಯಗಳು: ಯಾವುದು ಟಂಕಸಾಲೆಯ ತಪ್ಪು, ಯಾವುದು ಅಲ್ಲ?

ನಮ್ಮ ಅನೇಕ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ನಾಲ್ಕಾರು ಬೆಳ್ಳಿ ರೂಪಾಯಿಗಳು ಈಗಲೂ ಸಿಗುತ್ತವೆ. ಕೆಲವು ಅಜ್ಜಿಯರ ಮೆಹರ್‌ನ ಜೊತೆ ಬಂದಂಥವು, ಕೆಲವು ಸರಕ್ಕೆ ಪೋಣಿಸಲೆಂದು ಕೊಂಡಿ ಬೆಸೆದಂಥವು. ಕೈ ಬಿಗಿಯಾದಾಗ ಇವು ಅಕ್ಕಸಾಲಿಗನ ತಕ್ಕಡಿ ಸೇರಿ ಕರಗಿಹೋಗುತ್ತವೆ. ಇನ್ನೊಂದು ಕಡೆ, ಸಾಧಾರಣ ನಾಣ್ಯವನ್ನು ‘ಮಿಂಟ್ ಎರರ್’ ಎಂದು ಹೇಳಿ ಲಕ್ಷಾಂತರ ರೂಪಾಯಿಯ ಆಸೆ ಹುಟ್ಟಿಸಿ ಹಣ ಕೀಳುವವರೂ ಇದ್ದಾರೆ. ಹಳೆಯ ನಾಣ್ಯಗಳ ಖರೀದಿ ಮಾರಾಟಕ್ಕೆ ತನ್ನ ಹೆಸರನ್ನು ಬಳಸಿ ಶುಲ್ಕ ಕೇಳುವವರ ಬಗ್ಗೆ ಎಚ್ಚರವಿರಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರಲ್ಲಿ ಸಾರ್ವಜನಿಕ ಪ್ರಕಟಣೆಯನ್ನೇ ಹೊರಡಿಸಬೇಕಾಯಿತು. ಕೈಯಲ್ಲಿರುವ ನಾಣ್ಯವನ್ನು ಓದಲು ಬಾರದಿದ್ದರೆ ಈ ಎರಡೂ ಬಗೆಯ ನಷ್ಟಕ್ಕೆ ಒಳಗಾಗುತ್ತೇವೆ. ಆದ್ದರಿಂದ ಓದುಗರು ಈ ವಿದ್ಯೆಯ ಮೊದಲ ಪಾಠಗಳನ್ನಾದರೂ ತಿಳಿದಿರುವುದು ಒಳ್ಳೆಯದು.

ಸುತ್ತಿಗೆಯ ಕಾಲದ ನಾಣ್ಯಗಳು

ಟಂಕಸಾಲೆಯೊಳಗೆ, ಅಚ್ಚು ಒತ್ತುವ ಕೆಲಸದಲ್ಲಿ ಆದ ತಪ್ಪು ಮಾತ್ರ ಟಂಕದೋಷ. ನಾಣ್ಯ ಹೊರಬಿದ್ದ ಮೇಲೆ ಆದ ಗೀರು, ತೂತು, ಕೊಂಡಿ, ಸವೆತ ಇವೆಲ್ಲ ಕೇವಲ ಹಾನಿ. ಈ ವ್ಯತ್ಯಾಸ ತಿಳಿಯಲು ನಾಣ್ಯ ತಯಾರಾದ ಬಗೆಯನ್ನು ತಿಳಿಯಬೇಕು.

ಶೇರ್ ಶಾಹ್ ಸೂರಿ (ಆಳ್ವಿಕೆ 1540-45) ಸುಮಾರು 178 ಗ್ರೇನ್ ತೂಕದ ಬೆಳ್ಳಿ ರೂಪಾಯಿಯನ್ನು ನೆಲೆಗೊಳಿಸಿದನು. ಮೊಘಲರು ಅದನ್ನೇ ಮುಂದುವರಿಸಿದರು. ಅಬುಲ್ ಫಜಲ್ ತನ್ನ ಆಯಿನೆ ಅಕ್ಬರಿಯಲ್ಲಿ ಟಂಕಸಾಲೆಯ ಕೆಲಸಗಾರರನ್ನು ಒಬ್ಬೊಬ್ಬರಾಗಿ ವಿವರಿಸಿದ್ದಾನೆ. ಜರ್ರಾಬ್ ಎಂಬವನು ಬಿಲ್ಲೆಗಳನ್ನು ಕತ್ತರಿಸುತ್ತಿದ್ದ. ಸಿಕ್ಕಚಿ ಎಂಬವನು ಆ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಡುತ್ತಿದ್ದ. ಮೂರನೆಯವನು ಸುತ್ತಿಗೆ ಬೀಸುತ್ತಿದ್ದ. ಅಚ್ಚು ಬಿಲ್ಲೆಗಿಂತ ದೊಡ್ಡದಿರುತ್ತಿದ್ದುದರಿಂದ ಬರಹದ ಒಂದು ಭಾಗ ಮಾತ್ರ ನಾಣ್ಯದ ಮೇಲೆ ಮೂಡುತ್ತಿತ್ತು. ಆದ್ದರಿಂದ ಮೊಘಲ್ ರೂಪಾಯಿಯಲ್ಲಿ ಬಾದಶಹನ ಅರ್ಧ ಹೆಸರು ಕಂಡರೆ, ಊರಿನ ಹೆಸರು ಅಂಚಿನಲ್ಲಿ ಕಡಿದುಹೋಗಿದ್ದರೆ, ಅದು ದೋಷವಲ್ಲ. ಆ ಕಾಲದ ರೀತಿಯೇ ಹಾಗೆ.

ಹಾಗಾದರೆ ಇವುಗಳಲ್ಲಿ ನಿಜವಾದ ದೋಷ ಯಾವುದು? ಬಿಲ್ಲೆ ಅಲುಗಾಡಿ ಎರಡನೆಯ ಏಟು ಬಿದ್ದರೆ ಅಕ್ಷರಗಳು ಜೋಡಿಯಾಗಿ ಮೂಡುತ್ತವೆ. ಇದು ಜೋಡಿ ಟಂಕ. ಒಂದು ನಾಣ್ಯ ಅಚ್ಚಿಗೆ ಅಂಟಿಕೊಂಡಿದ್ದು, ಅದರ ಮೇಲೆಯೇ ಹೊಸ ಬಿಲ್ಲೆ ಇಟ್ಟು ಹೊಡೆದರೆ, ಹೊಸದರ ಒಂದು ಬದಿಯಲ್ಲಿ ಬರಹವು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಒಳಕ್ಕೆ ಕೊರೆದಂತೆ ಮೂಡುತ್ತದೆ. ಇದನ್ನು ‘ಬ್ರೊಕೇಜ್’ ಎನ್ನುತ್ತಾರೆ. ಸಂಗ್ರಾಹಕರು ಇದಕ್ಕೆ ಹೆಚ್ಚಿನ ಬೆಲೆ ಕೊಡುತ್ತಾರೆ.

ವರ್ಷಗಳನ್ನೂ ಎಚ್ಚರದಿಂದ ಓದಬೇಕು. ಒಂದು ಬದಿಯಲ್ಲಿ ಹಿಜರಿ ಸನ್, ಇನ್ನೊಂದು ಬದಿಯಲ್ಲಿ ಜುಲೂಸ್, ಅಂದರೆ ಪಟ್ಟವೇರಿದ ವರ್ಷದ ಲೆಕ್ಕ ಇರುತ್ತದೆ. ಔರಂಗಜೇಬನ ಹಿಜರಿ 1100ರ ರೂಪಾಯಿಯಲ್ಲಿ 32 ಎಂದೂ ಇರಬಹುದು, 33 ಎಂದೂ ಇರಬಹುದು. ಆತನ ಆಳ್ವಿಕೆಯ ವರ್ಷ ರಮಜಾನಿನಲ್ಲಿ ಬದಲಾಗುತ್ತಿದ್ದುದರಿಂದ ಎರಡೂ ಸರಿಯೇ. ಈ ಲೆಕ್ಕಕ್ಕೆ ಹೊಂದದ ವರ್ಷ ಕಂಡರೆ ಮಾತ್ರ ಅಚ್ಚುಗಳು ಅದಲುಬದಲಾದುವೋ ಅಥವಾ ನಾಣ್ಯವೇ ನಕಲಿಯೋ ಎಂದು ವಿಚಾರಿಸಬೇಕು. ಬಿಜಾಪುರದಲ್ಲೂ ‘ಅಹಸನಾಬಾದ್’ ಎಂಬ ಹೆಸರಿನಲ್ಲಿ ಗುಲಬರ್ಗಾದಲ್ಲೂ ಔರಂಗಜೇಬನ ನಾಣ್ಯಗಳು ಟಂಕಿತವಾದವು. ‘ಜರ್ಬ್’ ಎಂಬ ಪದದ ಪಕ್ಕದಲ್ಲಿ ಊರಿನ ಹೆಸರನ್ನು ಹುಡುಕಿರಿ.

ಟಿಪ್ಪುವಿನ ನಾಣ್ಯದಲ್ಲಿ ‘ತಿರುಗಿದ’ ವರ್ಷ

ಟಿಪ್ಪು ಸುಲ್ತಾನರು ತಮ್ಮ ಬೆಳ್ಳಿ ನಾಣ್ಯಗಳಿಗೆ ಇಮಾಮರ ಹೆಸರುಗಳನ್ನು ನೆನಪಿಸುವ ಹೆಸರುಗಳನ್ನಿಟ್ಟರು. ರೂಪಾಯಿಗೆ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲು ರೂಪಾಯಿಗೆ ಬಾಕಿರಿ, ಅದರ ಅರ್ಧಕ್ಕೆ ಜಾಫರಿ, ಮತ್ತೂ ಅರ್ಧಕ್ಕೆ ಕಾಜಿಮಿ. ಎರಡು ರೂಪಾಯಿಯ ದೊಡ್ಡ ನಾಣ್ಯ ಹೈದರಿ. 1787ರ ಸುಮಾರಿಗೆ ಅವರು ಹಿಜರಿಯನ್ನು ಬಿಟ್ಟು ಮೌಲೂದಿ ಶಕೆಯನ್ನು ಜಾರಿಗೆ ತಂದರು. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದರು. ಹೀಗಾಗಿ 1215 ಎಂಬುದು ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ. ಇದನ್ನು ಕೆತ್ತನೆಗಾರನ ತಪ್ಪೆಂದು ಹೇಳಿ ಹೆಚ್ಚು ಹಣ ಕೇಳುವವರನ್ನು ನಂಬಬೇಡಿರಿ. ಅದು ಸುಲ್ತಾನರ ಆಜ್ಞೆಯಂತೆಯೇ ನಡೆದದ್ದು.

ಯಂತ್ರದ ರೂಪಾಯಿಗಳು

1835ರ ಕಾಯಿದೆಯ ಪ್ರಕಾರ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿ 180 ಗ್ರೇನ್, ಅಂದರೆ 11.66 ಗ್ರಾಂ ತೂಗಬೇಕು. ಅದರಲ್ಲಿ 12ರಲ್ಲಿ 11 ಭಾಗ ಶುದ್ಧ ಬೆಳ್ಳಿ. 1940ರಲ್ಲಿ ಬೆಳ್ಳಿಯ ಪ್ರಮಾಣ ಅರ್ಧಕ್ಕೆ ಇಳಿಯಿತು.

ಇವುಗಳಲ್ಲೂ ತಪ್ಪೆಂದು ಭ್ರಮೆ ಹುಟ್ಟಿಸುವ ಸಂಗತಿಗಳಿವೆ. 1840ರ ವಿಕ್ಟೋರಿಯಾ ರೂಪಾಯಿಯಲ್ಲಿ ರಾಣಿಯ ಹೆಸರು ಒಂದೇ ಸಾಲಾಗಿ ಸುತ್ತಿಬರುವುದೂ ಉಂಟು, ತಲೆಯ ಎರಡು ಪಕ್ಕಕ್ಕೆ ಒಡೆದಿರುವುದೂ ಉಂಟು. ಎರಡೂ ಅಧಿಕೃತ ಮಾದರಿಗಳೇ. 1862 ಎಂಬ ವರ್ಷ ಹಲವು ವರ್ಷ ಬದಲಾಗದೆ ಉಳಿಯಿತು. ಮುಂಬಯಿ ಟಂಕಸಾಲೆ ನಂತರದ ವರ್ಷಗಳನ್ನು ಚುಕ್ಕೆಗಳಿಂದ ಸೂಚಿಸಿತು. ಆ ಚುಕ್ಕೆಗಳು ದೋಷವಲ್ಲ, ಗುರುತು.

ನಿಜವಾದ ದೋಷವನ್ನು ಗುರುತಿಸಲು ಎರಡು ಸುಲಭ ಸೂತ್ರಗಳಿವೆ. ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿನೊಳಗೆ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ತಗ್ಗಾದ ಗೆರೆಯಿದ್ದರೆ ಅದು ಬಹುಮಟ್ಟಿಗೆ ಹೊರಗೆ ಬಿದ್ದ ಗೀರು. ಅಂಚಿನಲ್ಲಿ ಚಂದ್ರಾಕಾರದ ತುಂಡು ಇಲ್ಲದಿದ್ದರೆ, ಅದರ ನೇರ ಎದುರಿನ ಅಂಚನ್ನು ನೋಡಿರಿ. ಅಲ್ಲಿಯೂ ಅಂಚು ಮಂಕಾಗಿದ್ದರೆ ಬಿಲ್ಲೆಯೇ ಕಡಿದುಹೋಗಿತ್ತೆಂದು ತಿಳಿಯಬಹುದು. ಅಲ್ಲಿ ಅಂಚು ಗಟ್ಟಿಯಾಗಿದ್ದು, ತುಂಡಾದ ಜಾಗದಲ್ಲಿ ಅರದ ಗುರುತಿದ್ದರೆ ಯಾರೋ ಬೆಳ್ಳಿ ಕದ್ದಿದ್ದಾರೆ.

1911ರ ರೂಪಾಯಿಯ ಪ್ರಕರಣ

ಐದನೇ ಜಾರ್ಜನ 1911ರ ರೂಪಾಯಿಯ ಕಥೆ ನಮಗೆ ಹತ್ತಿರದ್ದು. ಶಿಲ್ಪಿ ಬರ್ಟ್ರಮ್ ಮೆಕೆನಾಲ್ ಕೆತ್ತಿದ ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯಿತ್ತು. ಸೊಂಡಿಲು ಗಿಡ್ಡವಾಗಿದ್ದರಿಂದ ಅದು ಹಂದಿಯಂತೆ ಕಂಡಿತು. ಮುಸ್ಲಿಮರು ಆಕ್ಷೇಪಿಸಿದರು, ಜನರ ಬಾಯಲ್ಲಿ ಅದು ‘ಹಂದಿ ರೂಪಾಯಿ’ ಆಯಿತು. ಸುಮಾರು 94 ಲಕ್ಷ ನಾಣ್ಯಗಳಲ್ಲಿ 7 ಲಕ್ಷದಷ್ಟು ಮಾತ್ರ ಚಲಾವಣೆಗೆ ಬಂದಿದ್ದವು. ಉಳಿದವನ್ನು ಸರಕಾರ ಕರಗಿಸಿತು. 1912ರಿಂದ ಆನೆಗೆ ಸ್ಪಷ್ಟವಾದ ಸೊಂಡಿಲು, ದೊಡ್ಡ ಕಿವಿ ಬಂದವು. ಇದು ಚಿತ್ರದ ದೋಷವೇ ಹೊರತು ಟಂಕದೋಷವಲ್ಲ. ಆದರೂ ಜನರ ಭಾವನೆ ಆಳುವವರ ನಾಣ್ಯವನ್ನೇ ಬದಲಾಯಿಸಿದ್ದಕ್ಕೆ ಇದು ಸಾಕ್ಷಿ. ಮನೆಯಲ್ಲಿ 1911ರ ರೂಪಾಯಿ ಇದ್ದರೆ ಕರಗಿಸಬೇಡಿರಿ.

ದರ್ಜೆ ನಿರ್ಣಯ

ನಾಣ್ಯದ ಬೆಲೆ ಅದರ ಸ್ಥಿತಿಯನ್ನೂ ಅವಲಂಬಿಸಿದೆ. ‘ಗುಡ್’, ‘ಫೈನ್’, ‘ವೆರಿ ಫೈನ್’, ‘ಎಕ್ಸ್ಟ್ರೀಮ್ಲಿ ಫೈನ್’, ‘ಅನ್‌ಸರ್ಕ್ಯುಲೇಟೆಡ್’ ಎಂಬ ಮೆಟ್ಟಿಲುಗಳಿವೆ. ಹೆಸರು ಕೇಳಿ ಮೋಸಹೋಗಬೇಡಿರಿ, ‘ಗುಡ್’ ಎಂದರೆ ಬಹಳ ಸವೆದ ನಾಣ್ಯ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ 1ರಿಂದ 70ರವರೆಗಿನ ಅಂಕಪದ್ಧತಿಯೂ ಬಳಕೆಯಲ್ಲಿದೆ. ಎತ್ತರದ ಭಾಗಗಳು ಮೊದಲು ಸವೆಯುತ್ತವೆ. ಆದ್ದರಿಂದ ವಿಕ್ಟೋರಿಯಾಳ ಕೂದಲು, ಜಾರ್ಜನ ಕಿರೀಟ ಮತ್ತು ಕಿವಿಯನ್ನು ಭೂತಕನ್ನಡಿಯಲ್ಲಿ ನೋಡಬೇಕು. ಸುತ್ತಿಗೆಯ ನಾಣ್ಯದಲ್ಲಿ ಏಟು ಸಾಲದೆ ಮಂಕಾದ ಜಾಗವನ್ನು ಸವೆತವೆಂದು ಎಣಿಸಬಾರದು. ಚಿನಿವಾರರು ಬೆಳ್ಳಿ ಪರೀಕ್ಷಿಸಲು ಒತ್ತಿದ ಗುರುತುಗಳು ದರ್ಜೆಯನ್ನು ಇಳಿಸುತ್ತವೆ.

ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದನ್ನು ದಯವಿಟ್ಟು ನಿಲ್ಲಿಸಿರಿ. ಶತಮಾನದಲ್ಲಿ ಕೂಡಿಬಂದ ಕಪ್ಪು ಛಾಯೆ ನಾಣ್ಯಕ್ಕೆ ಕವಚವಿದ್ದಂತೆ. ಉಜ್ಜಿದ ಗೀರುಗಳು ಮತ್ತೆ ಮಾಯವಾಗುವುದಿಲ್ಲ.

ನಕಲಿಯ ಅನುಮಾನ ಬಂದರೆ ತೂಕ ನೋಡಿರಿ. 11.66 ಗ್ರಾಂ ತೂಗುವ ಹಳೆಯ ರೂಪಾಯಿಯನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ತೂಗಿದಾಗ ಸುಮಾರು 1.13 ಗ್ರಾಂ ಕಡಿಮೆ ತೋರಿಸಬೇಕು. ಜರ್ಮನ್ ಸಿಲ್ವರ್‌ನ ನಕಲಿಯಾದರೆ ಇಳಿಕೆ ಇದಕ್ಕಿಂತ ಸ್ಪಷ್ಟವಾಗಿ ಹೆಚ್ಚು. ಶಾಲೆಯ ಪ್ರಯೋಗಾಲಯದ ತಕ್ಕಡಿಯೇ ಇದಕ್ಕೆ ಸಾಕು.

ಕಾನೂನನ್ನೂ ಮರೆಯಬಾರದು. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ 1878ರ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವುದನ್ನು 1972ರ ಕಾಯಿದೆ ನಿಷೇಧಿಸಿದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಬರೀ ಕಣ್ಣಿಗೆ ಗೆರೆಗಳಂತೆ ಕಾಣುವ ಈ ಬರಹವನ್ನು ಓದಲು ಅರಬಿ ಲಿಪಿಯ ಪರಿಚಯ ಬೇಕು. ಮದರಸಾದಲ್ಲಿ ಆ ಲಿಪಿ ಕಲಿತ ಮಗುವಿನ ಕೈಯಲ್ಲಿ ಈ ಚರಿತ್ರೆಯ ಬೀಗದಕೈ ಈಗಾಗಲೇ ಇದೆ. ಮನೆಯ ಹಿರಿಯರನ್ನು ಕೇಳಿ ಪೆಟ್ಟಿಗೆಯ ನಾಣ್ಯಗಳನ್ನು ಹೊರತೆಗೆಯಿರಿ. ತೂಕ, ಸನ್, ಊರಿನ ಹೆಸರು, ಕಂಡ ದೋಷ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಮುಂದೆ ಮಾರಲೇಬೇಕಾದ ಸಂದರ್ಭ ಬಂದರೂ, ಏನನ್ನು ಮಾರುತ್ತಿದ್ದೇವೆ ಎಂಬುದಾದರೂ ನಿಮಗೆ ತಿಳಿದಿರುತ್ತದೆ.