ಯಕ್ಷಿಣಿಯರ ದಿಬ್ಬ: ಕಾಯ್ದ ನಂಬಿಕೆ, ಕೊಂದ ನಂಬಿಕೆ

ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಹಸಿರು ಹೊಲಗಳ ನಡುವೆ, ಸುತ್ತಲೂ ಮಣ್ಣಿನ ಏರಿಯಿರುವ ದುಂಡನೆಯ ದಿಬ್ಬಗಳು ಅಲ್ಲಲ್ಲಿ ಕಾಣಸಿಗುತ್ತವೆ. ಅಕ್ಕಪಕ್ಕದ ನೆಲವನ್ನೆಲ್ಲ ಉತ್ತು ಬಿತ್ತುವ ರೈತ ಈ ದಿಬ್ಬಕ್ಕೆ ಮಾತ್ರ ನೇಗಿಲು ತಾಗಿಸುತ್ತಿರಲಿಲ್ಲ. ಅದು 'ಸೀ' ಜನರ, ಅರ್ಥಾತ್ ಯಕ್ಷಿಣಿಯರ ನೆಲೆ ಎಂಬುದು ತಲೆಮಾರುಗಳ ನಂಬಿಕೆ. ಅಲ್ಲಿನ ಒಂಟಿ ಹಾಥಾರ್ನ್ ಮುಳ್ಳುಗಿಡವನ್ನು ಕಡಿದವನ ದನಕರು ಉಳಿಯವು, ಮನೆಗೆ ಕೇಡು ತಪ್ಪದು ಎಂಬ ಭಯ.

ಪುರಾತತ್ವಜ್ಞರು ಹೇಳುವುದೇ ಬೇರೆ. ಇವುಗಳಲ್ಲಿ ಹೆಚ್ಚಿನವು ಕ್ರಿ.ಶ. 6ರಿಂದ 10ನೇ ಶತಮಾನದ ನಡುವಿನ ರೈತವಸತಿಗಳು. ಕಳ್ಳರಿಂದ, ತೋಳಗಳಿಂದ ದನಗಳನ್ನು ಕಾಯಲು ಏರಿ ಕಟ್ಟಿಕೊಂಡಿದ್ದರು. ಇಂಥ ಸುಮಾರು 45,000 ನೆಲೆಗಳನ್ನು ಗುರುತಿಸಲಾಗಿದೆ. ಬಾಳಿದವರ ನೆನಪು ಅಳಿದ ಮೇಲೆ ಆ ಜಾಗವನ್ನು ಕಥೆ ತುಂಬಿತು. ಸೋತು ನೆಲದಡಿ ಸೇರಿದ ಪುರಾತನ ದೇವಗಣವಾದ 'ಟುವಾಹಾ ಡೆ ಡನನ್' ಇಲ್ಲಿದೆ ಎಂದರು. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಶಿಶುಗಳಿಗೆ ಚರ್ಚಿನ ಸ್ಮಶಾನದಲ್ಲಿ ಎಡೆಯಿರಲಿಲ್ಲ. ಅಂಥ ಕೂಸುಗಳನ್ನು ಕೆಲವೆಡೆ ಈ ದಿಬ್ಬಗಳಲ್ಲೇ ಹೂಳಿದರು. ಭಯದ ಜತೆ ದುಃಖವೂ ಅಲ್ಲಿ ನೆಲೆಸಿತು.

ಮಕ್ಕಳ ಪುಸ್ತಕದ ರೆಕ್ಕೆಯ ಪುಟ್ಟ ಸುಂದರಿಯರು ಇವರಲ್ಲ. ಹೆಸರೆತ್ತಲೂ ಅಂಜಿ ಜನ ಇವರನ್ನು 'ಒಳ್ಳೆಯವರು' ಎನ್ನುತ್ತಿದ್ದರು. ಆರೋಗ್ಯವಂತರನ್ನು ಒಯ್ದು, ಅದೇ ರೂಪದ ಬದಲಿಯನ್ನು ಬಿಟ್ಟುಹೋಗುತ್ತಾರೆ ಎಂಬ ನಂಬಿಕೆಯಿತ್ತು. 1895ರ ಮಾರ್ಚಿನಲ್ಲಿ ಟಿಪರರಿ ಜಿಲ್ಲೆಯ ಬ್ರಿಜೆಟ್ ಕ್ಲಿಯರಿ ಎಂಬ ದರ್ಜಿ ಕೆಲಸದ ಯುವತಿ ಕಾಯಿಲೆ ಬಿದ್ದಳು. ಇವಳು ತನ್ನ ಹೆಂಡತಿಯೇ ಅಲ್ಲವೆಂದು ಗಂಡ ಮೈಕೇಲ್ ಅವಳಿಗೆ ಬೆಂಕಿ ಹಚ್ಚಿದ. ಬಂಧುಗಳು ಮನೆಯಲ್ಲೇ ಇದ್ದರು. ನಿಜವಾದ ಹೆಂಡತಿ ಬಿಳಿ ಕುದುರೆಯೇರಿ ಬರುವಳೆಂದು ಸಮೀಪದ ದಿಬ್ಬದಲ್ಲಿ ಆತ ರಾತ್ರಿ ಕಾದ. ನ್ಯಾಯಾಲಯ ಅವನಿಗೆ 20 ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. ಐರಿಷರು ಸ್ವಯಮಾಡಳಿತಕ್ಕೆ ಯೋಗ್ಯರಲ್ಲ ಎನ್ನಲು ವಿರೋಧಿಗಳು ಈ ಪ್ರಕರಣವನ್ನೇ ಬಳಸಿಕೊಂಡರು.

ಸ್ವತಂತ್ರ ಐರ್ಲೆಂಡ್ ಆ ಕಥೆಗಳ ಬಗ್ಗೆ ನಾಚಿಕೊಳ್ಳಲಿಲ್ಲ. 1935ರಲ್ಲಿ ಜಾನಪದ ಆಯೋಗ ನೇಮಿಸಿತು. 1937–39ರಲ್ಲಿ ಸುಮಾರು 5,000 ಶಾಲೆಗಳ ಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದು ತಂದರು. 1999ರಲ್ಲಿ ಕ್ಲೇರ್ ಜಿಲ್ಲೆಯ ಹೆದ್ದಾರಿ ಕಾಮಗಾರಿಗೆ ಒಂದು ಮುಳ್ಳುಗಿಡ ಅಡ್ಡ ಬಂದಾಗ, ಕಥೆಗಾರ ಎಡ್ಡಿ ಲೆನಿಹನ್ ಅದನ್ನು ಕಡಿಯಬಾರದೆಂದು ದನಿಯೆತ್ತಿದರು. ಗಿಡ ಉಳಿಯಿತು.

ದಿಬ್ಬಗಳಿಗೆ ಈಗ ಕಾನೂನಿನ ರಕ್ಷಣೆಯಿದೆ. ಆದರೂ ಇಪ್ಪತ್ತನೇ ಶತಮಾನದಲ್ಲಿ ಯಂತ್ರಗಳು ಬಂದು ಅನೇಕ ದಿಬ್ಬಗಳು ನೆಲಸಮವಾದವು. ಕಾನೂನು ಇಲ್ಲದ ಕಾಲದಲ್ಲಿ ಅವನ್ನು ಕಾಯ್ದದ್ದು ರೈತನ ಅಂಜಿಕೆಯೇ. ಬ್ರಿಜೆಟ್‌ಳನ್ನು ಬಲಿ ಪಡೆದದ್ದೂ ಅದೇ ಅಂಜಿಕೆ.